ಕಸೆಯೋ ಕಿಲ್ಟೋ: ಜಾದೂಗಾರ ಸೊಂಟಕ್ಕೆ ಏನು ಸುತ್ತಬೇಕು?

ಸ್ಕಾಟ್ಲೆಂಡಿನ ಗಂಡಸರು ಉಡುವ ಕಿಲ್ಟ್ ಎಂದರೆ ಸುಮಾರು 8 ಗಜ ಚೌಕಳಿ ಉಣ್ಣೆಬಟ್ಟೆ. ಹಿಂದುಗಡೆ ಹೊಲಿದು ಕೂರಿಸಿದ ನೆರಿಗೆ, ಮುಂದೆ ಒಂದರ ಮೇಲೊಂದು ಬರುವ ಎರಡು ಸಪಾಟು ಮಡಿ, ಬಲಗಡೆ ಬಕಲು. ಜೇಬಿಲ್ಲ. ಜೇಬಿನ ಬದಲಿಗೆ ಹೊಟ್ಟೆಯ ಕೆಳಗೆ ಸರಪಳಿಯಲ್ಲಿ ತೂಗುವ ಚರ್ಮದ ಚೀಲವೊಂದಿದೆ, ಅದಕ್ಕೆ ಸ್ಪೊರನ್ ಎಂದು ಹೆಸರು. ಜಾದೂ ಮಾಡುವವರ ಕಿವಿ ನೆಟ್ಟಗಾಗುವ ಸಂಗತಿ ಇದರಲ್ಲಿ ಎರಡಿವೆ. ಜೇಬಿಲ್ಲ ಎಂಬುದು ಪ್ರೇಕ್ಷಕನ ಅನುಮಾನವನ್ನು ಇಳಿಸುತ್ತದೆ; ನೆರಿಗೆ ಇದೆ ಎಂಬುದು ಅದನ್ನೇ ಏರಿಸುತ್ತದೆ. ಹೊರದೇಶದ ಕೆಲವು ಜಾದೂಗಾರರು ಕಿಲ್ಟನ್ನೇ ವೇದಿಕೆಯ ಉಡುಪು ಮಾಡಿಕೊಂಡಿದ್ದಾರೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಶಾಲಾ ವಾರ್ಷಿಕೋತ್ಸವ, ಜಾತ್ರೆ, ಗಣೇಶೋತ್ಸವಗಳಲ್ಲಿ ಜಾದೂ ತೋರಿಸುವ ಹೊಸಬರಿಗೂ ಆ ಆಸೆ ಹುಟ್ಟಿದರೆ ಆಶ್ಚರ್ಯವಿಲ್ಲ. ಉಡಬಹುದೇ? ಉಡಬಹುದು. ಆದರೆ ಕೊಲ್ಲೂರಿನ ಆಸುಪಾಸಿನಲ್ಲಿ ಅದೇ ಕೆಲಸವನ್ನು ಇನ್ನಷ್ಟು ಚೆನ್ನಾಗಿ ಮಾಡುವ ಬಟ್ಟೆ ಯಕ್ಷಗಾನದ ಚೌಕಿಯಲ್ಲೇ ಇದೆ: ಬಡಗುತಿಟ್ಟಿನ ಕಸೆ ಸೀರೆ. ಹೊಲಿಗೆಯ ಉಪಾಯವನ್ನು ಕಿಲ್ಟಿನಿಂದ ಕಲಿತು, ಬಟ್ಟೆಯನ್ನು ಕಸೆಯ ಕಡೆಯಿಂದ ತರುವುದು ಇಲ್ಲಿನ ಜಾದೂಗಾರನಿಗೆ ಲಾಭದ ದಾರಿ ಎಂಬುದು ಈ ಲೇಖನದ ವಾದ. ಅದಕ್ಕೆ ಕಾರಣಗಳೂ ಇವೆ, ಎದುರು ಮಾತುಗಳೂ ಇವೆ.

ಮೊದಲು ಒಂದು ಮಾತು ಇತ್ಯರ್ಥವಾಗಬೇಕು. ಜಾದೂಗಾರನ ಉಡುಪು ಅಲಂಕಾರಕ್ಕಿಂತ ಮುಂಚೆ ಒಂದು ಸಲಕರಣೆ. ಪೆಟ್ಟಿಗೆ, ಕೋಲು, ಕರವಸ್ತ್ರಗಳ ಸಾಲಿನಲ್ಲೇ ಅದನ್ನೂ ಇಟ್ಟು ನೋಡಬೇಕು. ಪ್ಯಾರಿಸಿನಲ್ಲಿ 1845ರಲ್ಲಿ ತನ್ನದೇ ರಂಗಮಂದಿರ ತೆರೆದ ರೊಬೇರ್ ಹೂದಾಂ ಎಂಬ ಜಾದೂಗಾರ ಇದನ್ನು ಸ್ಪಷ್ಟವಾಗಿ ಕಂಡವನು. ಅವನ ಹಿಂದಿನವರಲ್ಲಿ ಅನೇಕರು ನಿಲುವಂಗಿ ತೊಟ್ಟು, ನೆಲ ಮುಟ್ಟುವ ಬಟ್ಟೆ ಹೊದಿಸಿದ ಮೇಜುಗಳ ಹಿಂದೆ ನಿಂತು ಆಟ ತೋರಿಸುತ್ತಿದ್ದರು. ಅಷ್ಟು ಬಟ್ಟೆ ಇದ್ದಲ್ಲಿ ಏನು ಬೇಕಾದರೂ ಅಡಗಿಸಬಹುದು ಎಂಬುದು ನೋಡುವವನಿಗೂ ಗೊತ್ತಾಗುತ್ತಿತ್ತು. ಹೂದಾಂ ಆ ಹೊದಿಕೆಗಳನ್ನು ಕಿತ್ತು ಹಾಕಿ, ಎದುರು ಕೂತ ಸಭ್ಯರು ತೊಟ್ಟಂಥದೇ ಸಂಜೆಯ ಕೋಟು ತೊಟ್ಟು ಬಂದ. ಕೋಟಿನ ಬಾಲದ ಒಳಗೆ ಜಾದೂಗಾರನಿಗೆಂದೇ ಹೊಲಿದ ಆಳವಾದ ಜೇಬು ಇರುತ್ತಿದ್ದದ್ದು ಬೇರೆ ಮಾತು. ತಾನೇ ತೊಟ್ಟ ಬಟ್ಟೆಯ ಮೇಲೆ ಯಾರೂ ಅನುಮಾನ ಪಡುವುದಿಲ್ಲ. ಅವನ ಲೆಕ್ಕ ಇಷ್ಟೇ. ನಮ್ಮ ಕಡೆಯ ಜಾದೂಗಾರರು ಇವತ್ತಿಗೂ ತೊಡುವ ಕರಿಕೋಟು ಆ ಲೆಕ್ಕದ ಪಳೆಯುಳಿಕೆ. ಲೆಕ್ಕ ಮರೆತುಹೋಗಿದೆ, ಕೋಟು ಉಳಿದಿದೆ. ಬೈಂದೂರಿನ ಶಾಲಾ ಮೈದಾನದಲ್ಲಿ ಎದುರು ಕೂತವರಲ್ಲಿ ಬಾಲದ ಕೋಟು ತೊಟ್ಟವರು ಒಬ್ಬರೂ ಇರುವುದಿಲ್ಲ.

ಇದಕ್ಕೆ ವಿರುದ್ಧವಾದ ದಾರಿಯೂ ಗೆದ್ದಿದೆ. ಬಂಗಾಳದ ಪಿ.ಸಿ. ಸರ್ಕಾರ್ (1913–1971) ಮಹಾರಾಜನ ಪೇಟ, ಜರತಾರಿ ಅಂಗಿ ತೊಟ್ಟು ಲೋಕ ಸುತ್ತಿದರು. 1956ರ ಏಪ್ರಿಲಿನಲ್ಲಿ ಬಿಬಿಸಿ ದೂರದರ್ಶನದಲ್ಲಿ ಹುಡುಗಿಯನ್ನು ಗರಗಸದಿಂದ ಎರಡು ತುಂಡು ಮಾಡುವ ಆಟ ತೋರಿಸಿ ಬ್ರಿಟನ್ನಿನ ಮನೆಮನೆಗಳಲ್ಲಿ ಗಾಬರಿ ಎಬ್ಬಿಸಿದರು. ಅಲ್ಲಿನವರು ಭಾರತದಿಂದ ಏನನ್ನು ನಿರೀಕ್ಷಿಸುತ್ತಿದ್ದರೋ ಆ ಕಲ್ಪನೆಯನ್ನೇ ಅವರು ಮೈಮೇಲೆ ಹಾಕಿಕೊಂಡಿದ್ದರು. ಚೀನಾದ ಚಿಂಗ್ ಲಿಂಗ್ ಫೂ ತನ್ನ ದೇಶದ ಸಡಿಲ ನಿಲುವಂಗಿಯಲ್ಲೇ ಬಂದು ನೀರು ತುಂಬಿದ ದೊಡ್ಡ ಬೋಗುಣಿಯನ್ನು ಬರಿಗೈಯಿಂದ ತೆಗೆದು ತೋರಿಸುತ್ತಿದ್ದ. ಅವನನ್ನು ನೋಡಿ ವಿಲಿಯಂ ರಾಬಿನ್ಸನ್ ಎಂಬ ಅಮೆರಿಕದವನು ಚುಂಗ್ ಲಿಂಗ್ ಸೂ ಎಂದು ಹೆಸರಿಟ್ಟುಕೊಂಡು, ಚೀನೀ ವೇಷ ಹಾಕಿ, ವೇದಿಕೆಯ ಮೇಲೆ ಇಂಗ್ಲಿಷೇ ಬಾರದವನಂತೆ ವರ್ಷಗಟ್ಟಲೆ ಬದುಕಿದ. 1918ರ ಮಾರ್ಚ್ 23ರಂದು ಲಂಡನ್ನಿನಲ್ಲಿ ಬಂದೂಕಿನ ಗುಂಡು ಹಿಡಿಯುವ ಆಟ ತಪ್ಪಿ ಏಟು ಬಿದ್ದಾಗ ಮೊದಲ ಬಾರಿಗೆ ಅವನ ಬಾಯಿಂದ ವೇದಿಕೆಯಲ್ಲಿ ಇಂಗ್ಲಿಷ್ ಬಂತು. ಮರುದಿನ ತೀರಿಕೊಂಡ. ಪೂರ್ತಿ ಎರವಲು ತಂದ ವೇಷ ಎಷ್ಟು ದುಬಾರಿ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ: ಬಟ್ಟೆಯ ಜೊತೆ ಮಾತು, ನಡಿಗೆ, ಹೆಸರು ಎಲ್ಲವನ್ನೂ ಎರವಲು ತರಬೇಕು, ಒಂದು ಕ್ಷಣವೂ ಕಳಚಬಾರದು. ಕಿಲ್ಟ್ ಉಟ್ಟು ವೇದಿಕೆಗೆ ಬಂದ ಕೊಲ್ಲೂರಿನ ಜಾದೂಗಾರ ಅಪ್ಪಟ ಕುಂದಾಪ್ರ ಕನ್ನಡದಲ್ಲಿ ಬಾಯಿ ತೆರೆದ ಕೂಡಲೇ ವೇಷ ಅರ್ಧ ಕಳಚುತ್ತದೆ. ಅದನ್ನು ನಗೆಗೆ ಬಳಸುವುದು ಒಂದು ಜಾಣತನ, ಮರೆಮಾಚಲು ಹೋಗುವುದು ವ್ಯರ್ಥ ಶ್ರಮ.

ಈಗ ಕಿಲ್ಟನ್ನು ಬರೀ ಸಲಕರಣೆಯಾಗಿ ನೋಡೋಣ. ಪ್ಯಾಂಟು ತೊಟ್ಟ ಜಾದೂಗಾರನ ಕೈ ಸೊಂಟದ ಹತ್ತಿರ ಹೋದರೆ ನೋಡುವವರ ಕಣ್ಣು ಜೇಬಿಗೆ ಹೋಗುತ್ತದೆ. ಕಿಲ್ಟಿನಲ್ಲಿ ಆ ಭಯವಿಲ್ಲ. ಇರುವುದು ಮುಂದಿನ ಚೀಲ ಒಂದೇ, ಅದೂ ಎಲ್ಲರ ಕಣ್ಣೆದುರು. ಜಾದೂವಿನ ಚರಿತ್ರೆಯಲ್ಲಿ ಈ ಚೀಲಕ್ಕೆ ದೊಡ್ಡ ವಂಶವಿದೆ. ಯುರೋಪಿನ ಸಂತೆಗಳಲ್ಲಿ ಬಟ್ಟಲು-ಗುಂಡಿನ ಆಟ ಆಡುತ್ತಿದ್ದವರು ಹೊಟ್ಟೆಯ ಮುಂದೆ ಇಂಥದೇ ಚೀಲ ಕಟ್ಟಿಕೊಳ್ಳುತ್ತಿದ್ದರು. ನಮ್ಮ ಗಾರುಡಿಗನ ಜೋಳಿಗೆಯೂ ಅದರ ಸೋದರಸಂಬಂಧಿಯೇ. ಗುಂಡು ಬೇಕೆಂದು ಚೀಲಕ್ಕೆ ಕೈ ಹಾಕುವುದು ಸಹಜವಾದ ಕೆಲಸ, ಆ ಸಹಜತೆಯಲ್ಲೇ ಇನ್ನೊಂದು ಕೆಲಸ ನಡೆದುಹೋಗುತ್ತದೆ. ಎರಡನೆಯದಾಗಿ, ಚೌಕಳಿ ಬಟ್ಟೆಯ ಮುಂದೆ ಸಣ್ಣ ವಸ್ತುವಿನ ಅಂಚು ಕಣ್ಣಿಗೆ ಸುಲಭವಾಗಿ ಸಿಗುವುದಿಲ್ಲ. ಒಂದೇ ಬಣ್ಣದ ಬಟ್ಟೆಯ ಮೇಲೆ ದಾರದ ಎಳೆ ಗೆರೆಯಾಗಿ ಎದ್ದು ಕಾಣುತ್ತದೆ, ನೂರು ಗೆರೆಗಳ ನಡುವೆ ನೂರೊಂದನೆಯದು ಲೆಕ್ಕಕ್ಕೆ ಬಾರದು. ನಷ್ಟವೂ ಇದೆ. ಕಿಲ್ಟಿನ ಜೊತೆ ತೊಡುವ ಕೋಟು ಗಿಡ್ಡ, ಹಾಗಾಗಿ ಬಾಲದ ಜೇಬುಗಳು ಹೋದವು. ಎಲ್ಲಕ್ಕಿಂತ ದೊಡ್ಡ ನಷ್ಟ ನೆರಿಗೆ. ಜಾದೂಗಾರ ಅದರಲ್ಲಿ ಏನನ್ನೂ ಇಟ್ಟಿರದಿದ್ದರೂ ಮುಂದಿನ ಸಾಲಿನ ಹುಡುಗನೊಬ್ಬ ಪಕ್ಕದವನ ಕಿವಿಯಲ್ಲಿ ಹೇಳುತ್ತಾನೆ: ಎಲ್ಲ ಆ ಲಂಗದ ಒಳಗೇ ಇದ್ದ್ ಕಾಣ್. ಮಾಡದ ತಪ್ಪಿಗೆ ಜಾದೂಗಾರ ಸಿಕ್ಕಿಬೀಳುವುದು ಹೀಗೆ.

ಕಸೆ ಸೀರೆ ಗೆಲ್ಲುವುದು ಈ ಜಾಗದಲ್ಲಿ. ಬಡಗುತಿಟ್ಟಿನ ವೇಷದವರು ಸೊಂಟದಿಂದ ಕೆಳಗೆ ಉಡುವುದು ಕೆಂಪು, ಹಳದಿ, ಕಪ್ಪು ಎಳೆಗಳ ದೊಡ್ಡ ಚೌಕಳಿಯ ಉದ್ದನೆಯ ಸೀರೆ. ಒಳಗೆ ಚಲ್ಲಣ, ಮೇಲೆ ಕಚ್ಚೆ ಹಾಕಿ ಉಟ್ಟ ಕಸೆ, ಸೊಂಟ ಬಿಗಿಯುವ ಡಾಬು, ಮೈಗೆ ದಗಲೆ, ಎದೆಗೆ ಪದಕ, ಭುಜಕ್ಕೆ ಭುಜಕೀರ್ತಿ, ತಲೆಗೆ ಪಾತ್ರ ನೋಡಿ ಕೇದಗೆ ಮುಂದಲೆಯೋ ಕಿರೀಟವೋ. ಮಾರಣಕಟ್ಟೆ, ಮಂದಾರ್ತಿ, ಸಾಲಿಗ್ರಾಮ, ಪೆರ್ಡೂರು ಮೇಳಗಳ ಆಟಗಳನ್ನು ನವೆಂಬರಿನಿಂದ ಮೇ ತನಕ ನೋಡುತ್ತ ಬೆಳೆದ ಕಣ್ಣುಗಳಿಗೆ ಇಷ್ಟೊಂದು ಬಟ್ಟೆ ಬಟ್ಟೆಯಾಗಿ ಕಾಣುವುದೇ ಇಲ್ಲ, ಅರ್ಜುನನಾಗಿ, ಬಬ್ರುವಾಹನನಾಗಿ ಕಾಣುತ್ತದೆ. ಆ ನೆರಿಗೆಯಲ್ಲಿ ಏನೋ ಅಡಗಿದೆ ಎಂಬ ಯೋಚನೆ ಯಾರಿಗೂ ಬರುವುದಿಲ್ಲ. ಉಪ್ಪಿನಕುದ್ರುವಿನ ಕಾಮತ್ ಮನೆತನದ ಸೂತ್ರದ ಗೊಂಬೆಗಳದ್ದೂ ಇದೇ ಬಡಗಿನ ವೇಷ. ದಾರ ಕಣ್ಣೆದುರಿಗೇ ತೂಗುತ್ತಿರುತ್ತದೆ, ಆದರೂ ಭಾಗವತಿಕೆ ಶುರುವಾಗಿ ಸ್ವಲ್ಪ ಹೊತ್ತಿಗೆ ದಾರ ನೋಡುಗರ ಗಮನದಿಂದ ಜಾರಿಹೋಗುತ್ತದೆ. ಪರಿಚಿತವಾದದ್ದು ಕಣ್ಣಿಗೆ ಬೀಳದು, ಅಪರಿಚಿತವಾದದ್ದು ಕಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಹೂದಾಂ ಪ್ಯಾರಿಸಿನಲ್ಲಿ ಕೋಟಿನಿಂದ ಪಡೆದದ್ದನ್ನು ಕುಂದಾಪುರದಲ್ಲಿ ಕೊಡಬಲ್ಲದ್ದು ಕಸೆಯ ಚೌಕಳಿ, ಅಥವಾ ಇನ್ನೂ ಸರಳವಾಗಿ, ಮೊಣಕಾಲಿಗೆ ಮಡಚಿ ಕಟ್ಟಿದ ಪಂಚೆ. ಯಕ್ಷಗಾನದ ಒಡ್ಡೋಲಗದಲ್ಲಿ ತೆರೆಯ ಹಿಂದೆ ಮೊದಲು ಕುಣಿತದ ಸದ್ದು, ಆಮೇಲೆ ಕಿರೀಟದ ತುದಿ, ಕೊನೆಗೆ ಮುಖ ಕಾಣಿಸುವ ಕ್ರಮವಿದೆಯಲ್ಲ, ಅದನ್ನು ಜಾದೂಗಾರರು ಇನ್ನೂ ಸರಿಯಾಗಿ ಕದ್ದಿಲ್ಲ ಎಂಬುದು ಆಶ್ಚರ್ಯ. ಪ್ರೇಕ್ಷಕನ ಕಣ್ಣನ್ನು ಎಲ್ಲಿ ಬೇಕೋ ಅಲ್ಲಿಗೆ, ಎಷ್ಟು ಬೇಕೋ ಅಷ್ಟೇ ಹೊತ್ತು ಒಯ್ಯುವ ಕಲೆ ಅದು.

ಕಿಲ್ಟಿಗೂ ಈ ನೆಲಕ್ಕೂ ಸಂಬಂಧವೇ ಇಲ್ಲ ಎಂದೇನೂ ಇಲ್ಲ, ಮತ್ತು ಆ ಸಂಬಂಧದಿಂದ ಒಂದು ಉಪಯುಕ್ತ ಪಾಠವಿದೆ. 1783ರ ಆರಂಭದಲ್ಲಿ ಜನರಲ್ ಮ್ಯಾಥ್ಯೂಸ್‌ನ ದಂಡು ಕುಂದಾಪುರ ಹಿಡಿದು ಹೊಸಂಗಡಿ ಘಾಟಿ ಹತ್ತಿ ಬಿದನೂರಿಗೆ, ಅಂದರೆ ಇಂದಿನ ನಗರಕ್ಕೆ ಹೋಯಿತು. ಆ ದಂಡಿನಲ್ಲಿ 42ನೇ ಹೈಲ್ಯಾಂಡ್ ರೆಜಿಮೆಂಟಿನ ಎರಡನೇ ಪಡೆಯ ಸ್ಕಾಟಿಷ್ ಸೈನಿಕರಿದ್ದರು. ಅದೇ ಪಡೆ ಮುಂದೆ ಮಂಗಳೂರಿನ ಕೋಟೆಯೊಳಗೆ ಟಿಪ್ಪುವಿನ ಮುತ್ತಿಗೆಗೆ ಸಿಕ್ಕಿ 1784ರ ಜನವರಿ ತನಕ ಹಸಿದು ಕೂತಿತು. ಕಿಲ್ಟಿಗೆ ಹೆಸರಾದ ರೆಜಿಮೆಂಟು ಕೊಲ್ಲೂರಿಗೆ ದೂರವಲ್ಲದ ಘಾಟಿಯಲ್ಲಿ ಹಾದುಹೋಯಿತು ಎಂಬುದು ಮಾತಿನ ಮಧ್ಯೆ ಹೇಳಲು ಚಂದದ ಸಂಗತಿ. ಆದರೆ ಬಿಸಿಲಿನ ನಾಡುಗಳಲ್ಲಿ ಹೈಲ್ಯಾಂಡ್ ಪಡೆಗಳು ಎಷ್ಟೋ ಬಾರಿ ಕಿಲ್ಟನ್ನು ಪೆಟ್ಟಿಗೆಗೆ ಹಾಕಿ ತೆಳು ಬಟ್ಟೆಯ ಷರಾಯಿ ತೊಟ್ಟದ್ದೂ ಅಷ್ಟೇ ನಿಜ. ಪೂರ್ತಿ ಉಣ್ಣೆಯ ಕಿಲ್ಟು ಎರಡು ಕಿಲೋ ಹತ್ತಿರ ತೂಗುತ್ತದೆ. ಜೊತೆಗೆ ಮೊಣಕಾಲಿನವರೆಗೆ ಉಣ್ಣೆಯ ಕಾಲುಚೀಲ. ಕರಾವಳಿಯ ಏಪ್ರಿಲ್ ತಿಂಗಳ ಜಾತ್ರೆಯಲ್ಲಿ, ಮುಖದ ಮೇಲೆ ದೀಪದ ಕಾವು ಬೀಳುತ್ತಿರುವಾಗ ಇದನ್ನು ಉಟ್ಟು ಮುಕ್ಕಾಲು ಗಂಟೆ ಆಟ ತೋರಿಸಿದರೆ ಬೆರಳುಗಳು ಬೆವರಿ ಇಸ್ಪೀಟೆಲೆ ಜಾರುವುದು ಖಂಡಿತ. ಸೈನಿಕರೇ ಬಿಟ್ಟ ಬಟ್ಟೆಯನ್ನು ಜಾದೂಗಾರ ಹಟ ಹಿಡಿದು ಉಡಬೇಕಾಗಿಲ್ಲ. ಉಣ್ಣೆ ಬೇಡ, ಹತ್ತಿಯೇ ಆಗಲಿ.

ಹಾಗಿದ್ದರೆ ಹೊಲಿಸುವುದು ಹೇಗೆ? ಇದು ಊರಿನ ದರ್ಜಿಗೆ ಆಗದ ಕೆಲಸವೇನಲ್ಲ, ಲೆಕ್ಕ ಮಾತ್ರ ಸರಿಯಾಗಿ ಹೇಳಬೇಕು. ಅಳತೆ ಮೂರೇ: ಹೊಕ್ಕುಳ ಮಟ್ಟದ ಸೊಂಟ, ಪೃಷ್ಠದ ಸುತ್ತಳತೆ, ಹೊಕ್ಕುಳಿನಿಂದ ಮೊಣಕಾಲ ಚಿಪ್ಪಿನ ನಡುವಿನವರೆಗಿನ ಉದ್ದ. ಪ್ಯಾಂಟಿನ ಸೊಂಟದ ಅಳತೆ ಹೇಳಿದರೆ ಕೆಟ್ಟಿತು. ಕಿಲ್ಟು ಪ್ಯಾಂಟಿಗಿಂತ ಮೇಲೆ ಕೂರುತ್ತದೆ. ಪೃಷ್ಠದ ಸುತ್ತಳತೆ 40 ಇಂಚು ಎಂದುಕೊಳ್ಳಿ. ಅದರಲ್ಲಿ ಅರ್ಧ, ಅಂದರೆ 20 ಇಂಚು ಮುಂದಿನ ಸಪಾಟು ಮಡಿಗೆ, ಉಳಿದ 20 ಇಂಚು ಹಿಂದಿನ ನೆರಿಗೆಗೆ. ಪ್ರತಿ ನೆರಿಗೆ ಹೊರಗೆ 1 ಇಂಚು ಕಾಣುವಂತೆ, ಒಳಗೆ 3 ಇಂಚು ಆಳ ಇರುವಂತೆ ಹಿಡಿದರೆ ಒಂದೊಂದು ನೆರಿಗೆ 7 ಇಂಚು ಬಟ್ಟೆ ತಿನ್ನುತ್ತದೆ. 20 ನೆರಿಗೆಗೆ 140 ಇಂಚು, ಮುಂದಿನ ಎರಡು ಮಡಿಗಳಿಗೆ 40 ಇಂಚು, ಒಟ್ಟು 180 ಇಂಚು, ಸರಿಯಾಗಿ 5 ಗಜ. ಒಂದು ಸೀರೆ 6 ಗಜ ಬರುತ್ತದೆ. ಹಾಗಾಗಿ ಒಂದೇ ಸೀರೆಯಲ್ಲಿ ಕಿಲ್ಟೂ ಆಗಿ, ಉಳಿದ ಗಜದಲ್ಲಿ ಮುಂದಿನ ಚೀಲ, ಸೊಂಟಪಟ್ಟಿ ಎರಡೂ ಆಗುತ್ತವೆ. 2016ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಉಡುಪಿ ಕೈಮಗ್ಗದ ಹತ್ತಿ ಸೀರೆಗಳಲ್ಲಿ ಸಣ್ಣ ಚೌಕಳಿಯವು ಸಿಗುತ್ತವೆ. ಕಸೆಯಂಥ ದೊಡ್ಡ ಚೌಕಳಿ ಬೇಕಾದವರು ಯಕ್ಷಗಾನದ ವೇಷಭೂಷಣ ತಯಾರಿಸುವವರಲ್ಲಿ ಕೇಳಬೇಕು. ಸೀರೆಯ ಅಗಲ ಸುಮಾರು 45 ಇಂಚಾದರೆ ಅದನ್ನು ಉದ್ದಕ್ಕೆ ಎರಡಾಗಿ ಮಡಚಿ, ಮಡಿಕೆಯನ್ನು ಸೊಂಟಕ್ಕೂ ಎರಡು ಅಂಚುಗಳನ್ನು ಕೆಳಕ್ಕೂ ತನ್ನಿ. ಉದ್ದ 22–23 ಇಂಚು ಬರುತ್ತದೆ, ಮೇಲಿನಿಂದ ಪಟ್ಟಿ ಸೇರಿದರೆ ಮೊಣಕಾಲಿಗೆ ಸರಿಹೋಗುತ್ತದೆ. ಬಟ್ಟೆ ಎರಡು ಪದರವಾದ್ದರಿಂದ ಹತ್ತಿಯ ಹಗುರತನವೂ ಸ್ವಲ್ಪ ತಗ್ಗುತ್ತದೆ. ನೆರಿಗೆಗಳನ್ನು ಸೊಂಟದಿಂದ ಪೃಷ್ಠದವರೆಗೆ ಮಾತ್ರ ಹೊಲಿದು ಕೆಳಗೆ ಬಿಡಬೇಕು. ಪ್ರತಿ ನೆರಿಗೆಯ ನಡುವೆ ಒಂದೇ ಬಣ್ಣದ ಎಳೆ ಬರುವಂತೆ ಕೂರಿಸಿದರೆ ನಿಂತಾಗ ಒಂದು ಬಣ್ಣ, ತಿರುಗಿದಾಗ ಒಳಗಿನ ಇನ್ನೊಂದು ಬಣ್ಣ ಮಿಂಚುತ್ತದೆ. ಸ್ಕಾಟಿಷ್ ದರ್ಜಿಗಳ ಈ ಹಳೆಯ ಉಪಾಯ ವೇದಿಕೆಗೆ ಹೇಳಿ ಮಾಡಿಸಿದ್ದು. ಮುಂದಿನ ಮಡಿಗೆ ಪಿನ್ನು ಹಾಕುವುದಿದ್ದರೆ ಮೇಲಿನ ಪದರಕ್ಕೆ ಮಾತ್ರ ಹಾಕಿ. ಎರಡಕ್ಕೂ ಸೇರಿಸಿ ಚುಚ್ಚಿದರೆ ಬಟ್ಟೆ ಎಳೆದು ಹರಿಯುತ್ತದೆ.

ಗಾಳಿಯ ವಿಷಯ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಉಣ್ಣೆಯ ಕಿಲ್ಟು ತನ್ನ ಭಾರದಿಂದಲೇ ಕೆಳಗೆ ನಿಲ್ಲುತ್ತದೆ. ಹತ್ತಿಯದು ಮರವಂತೆ–ತ್ರಾಸಿ ಕಡೆಯ ಬಯಲು ವೇದಿಕೆಯಲ್ಲಿ ಸಮುದ್ರದ ಗಾಳಿಗೆ ಕೊಡೆಯ ಹಾಗೆ ಎದ್ದೀತು. ಇದಕ್ಕೆ ಮದ್ದು ಇಲ್ಲಿನ ಬೀಸುಬಲೆಯಲ್ಲಿದೆ: ಬಲೆಯ ಅಂಚಿಗೆ ಹಾಕುವ ಸಣ್ಣ ಸೀಸದ ಗುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ ಮುಂದಿನ ಮಡಿಯ ಮೂಲೆಗಳಿಗೂ ಹಿಂದಿನ ನಾಲ್ಕೈದು ನೆರಿಗೆಗಳ ಅಂಚಿಗೂ ಒಳಗಿನಿಂದ ಹೊಲಿಸಿಬಿಡಿ. ಒಳಗೆ ಮೊಣಕಾಲಿಗಿಂತ ನಾಲ್ಕು ಬೆರಳು ಮೇಲಿನವರೆಗೆ ಬರುವ ಗಾಢ ಬಣ್ಣದ ಚಲ್ಲಣ ಕಡ್ಡಾಯ. ಕಿಲ್ಟಿನೊಳಗೆ ಏನು ತೊಡುತ್ತಾರೆ ಎಂಬ ಹಳೆಯ ತಮಾಷೆಗೆ ಶಾಲೆಯ ವೇದಿಕೆಯಲ್ಲಿ ಜಾಗವಿಲ್ಲ. ಇಲ್ಲಿನ ವೇದಿಕೆಗಳು ನಾಲ್ಕು ಅಡಿ ಎತ್ತರ, ಮಕ್ಕಳು ಕೂರುವುದು ನೆಲದ ಮೇಲೆ ಹಾಸಿದ ಜಮಖಾನದಲ್ಲಿ. ಅವರ ಕಣ್ಣು ಜಾದೂಗಾರನ ಪಾದಕ್ಕಿಂತಲೂ ಕೆಳಗಿರುತ್ತದೆ. ಆದ್ದರಿಂದ ವೇದಿಕೆಯ ಅಂಚಿನಿಂದ ಮೂರು ಹೆಜ್ಜೆ ಹಿಂದೆ ನಿಲ್ಲುವುದು, ನೆಲದಿಂದ ಏನನ್ನಾದರೂ ಎತ್ತುವಾಗ ಬಗ್ಗದೆ ಒಂದು ಮೊಣಕಾಲೂರಿ ಕೂರುವುದು, ಸಭೆಯ ನಡುವಿನಿಂದ ಮೆಟ್ಟಿಲೇರಿ ಬರುವ ಪ್ರವೇಶವನ್ನು ಬಿಟ್ಟುಬಿಡುವುದು, ಇವು ಮೂರು ಅಭ್ಯಾಸದಲ್ಲೇ ಮೈಗೆ ಹತ್ತಬೇಕು.

ಆಟಗಳ ಆಯ್ಕೆಯನ್ನೂ ಉಡುಪು ನಿರ್ಧರಿಸುತ್ತದೆ. ತಲೆಕೆಳಗಾಗಿ ತೂಗಿ ಸಂಕಲೆ ಬಿಡಿಸಿಕೊಳ್ಳುವ ಆಟ, ಪೆಟ್ಟಿಗೆಯೊಳಗೆ ಮುದುಡಿ ಕೂರುವ ಆಟ ಇವಕ್ಕೆ ಕಿಲ್ಟು ಬೇಡವೇ ಬೇಡ. ಬಟ್ಟಲು-ಗುಂಡು, ಹಗ್ಗ, ಉಂಗುರಗಳ ಸರಪಳಿ, ನಾಣ್ಯ, ಮನಸ್ಸು ಓದುವ ಆಟ ಇವಕ್ಕೆ ಅದು ಚೆನ್ನಾಗಿ ಒಗ್ಗುತ್ತದೆ. ಒಂದು ನಿಯಮ ಇಟ್ಟುಕೊಂಡರೆ ಕ್ಷೇಮ: ನೆರಿಗೆಯಲ್ಲಿ ಏನನ್ನೂ ಇಡಬಾರದು. ಕೆಲಸವೆಲ್ಲ ಸೊಂಟದಿಂದ ಮೇಲೆ, ತೋಳು ಮಡಚಿದ ಬರಿಗೈಯಲ್ಲಿ, ಇಲ್ಲವೇ ಎಲ್ಲರಿಗೂ ಕಾಣುವ ಮುಂದಿನ ಚೀಲದಲ್ಲಿ. ಆಟದ ಮೊದಲ ಎರಡು ನಿಮಿಷದೊಳಗೆ ಒಮ್ಮೆ ಪೂರ್ತಿ ಸುತ್ತು ತಿರುಗಿ ನೆರಿಗೆ ಹಾರಿಸಿ ತೋರಿಸಿಬಿಡಿ. ಬಟ್ಟೆಯನ್ನು ನೋಡುವ ಕುತೂಹಲ ಆಗಲೇ ತೀರಲಿ. ಆ ಕುತೂಹಲವೇ ಒಂದು ಬಂಡವಾಳ. ಎಲ್ಲರೂ ನೆರಿಗೆಯನ್ನು ನೋಡುತ್ತಿರುವ ಆ ಒಂದು ಸುತ್ತಿನಲ್ಲಿ ಕೈ ಏನು ಮಾಡಿತು ಎಂದು ಕೇಳುವವರಿಲ್ಲ. ಅದೇ ಸುತ್ತನ್ನು ಎರಡನೇ ಸಲ ಮಾಡಿದರೆ ಕೇಳುವವರು ಹುಟ್ಟಿಕೊಳ್ಳುತ್ತಾರೆ.

ಎದುರು ಮಾತುಗಳಲ್ಲಿ ಮೊದಲನೆಯದು ಎಲ್ಲರಿಗೂ ಹೊಳೆಯುವಂಥದ್ದು: ಗಂಡಸು ಲಂಗ ಉಟ್ಟರೆ ಜನ ನಗುತ್ತಾರೆ. ನಗಬಹುದು, ಆದರೆ ಈ ಕರಾವಳಿಯಲ್ಲಿ ಆ ನಗೆಗೆ ಆಳವಾದ ಬೇರು ಇಲ್ಲ. ಇಲ್ಲಿನ ಗಂಡಸರು ಲುಂಗಿಯನ್ನು ಮೊಣಕಾಲಿಗೆ ಮಡಚಿ ಕಟ್ಟಿಕೊಂಡೇ ದೋಣಿ ಎಳೆಯುತ್ತಾರೆ, ಗದ್ದೆಗಿಳಿಯುತ್ತಾರೆ, ಪೇಟೆಗೆ ಹೋಗುತ್ತಾರೆ. ದೂರದಿಂದ ನೋಡಿದರೆ ಮಡಚಿದ ಚೌಕಳಿ ಲುಂಗಿಗೂ ಕಿಲ್ಟಿಗೂ ವ್ಯತ್ಯಾಸ ಕಾಣುವುದು ಹಿಂದಿನಿಂದ ಮಾತ್ರ. ಮೇಲಾಗಿ ಗಂಡಸರೇ ಸ್ತ್ರೀವೇಷ ಮಾಡಿ ಹೆಸರು ಗಳಿಸಿದ ರಂಗಭೂಮಿ ಇದು. ಕೊಲ್ಲೂರಿಗೆ ಬರುವ ಯಾತ್ರಿಕರಲ್ಲಿ ಕೇರಳದವರ ಸಂಖ್ಯೆ ದೊಡ್ಡದು, ಅವರಿಗೂ ಮಡಚಿದ ಮುಂಡು ದಿನನಿತ್ಯದ ಉಡುಗೆ. ಕಿಲ್ಟನ್ನು ಸ್ಕಾಟ್ಲೆಂಡಿನ ಲುಂಗಿ ಎಂದು ಒಂದು ವಾಕ್ಯದಲ್ಲಿ ಪರಿಚಯಿಸಿದರೆ ಅರ್ಧ ಕೆಲಸ ಮುಗಿಯಿತು. ಹಾಗೆಂದು ಸ್ಕಾಟ್ಲೆಂಡಿನವರ ಗುರುತುಗಳನ್ನೆಲ್ಲ ಎತ್ತಿಕೊಂಡು ಬರಬೇಕಿಲ್ಲ. ಅವರ ಚೌಕಳಿಗಳಿಗೆ 2009ರಿಂದ ಸರ್ಕಾರಿ ನೋಂದಣಿ ಪುಸ್ತಕವೇ ಇದೆ, ಬಾಲ್ಮೋರಲ್ ಎಂಬ ಚೌಕಳಿ ರಾಜಮನೆತನಕ್ಕೆ ಮೀಸಲು. ಬ್ಲ್ಯಾಕ್ ವಾಚ್‌ನಂಥ ಎಲ್ಲರೂ ಉಡುವ ಚೌಕಳಿ ಸಾಕು. ರೆಜಿಮೆಂಟುಗಳ ಲಾಂಛನ, ಮನೆತನದ ಬಿಲ್ಲೆ ಬೇಡ. ಕಾಲುಚೀಲದಲ್ಲಿ ಸಿಕ್ಕಿಸುವ ಸಣ್ಣ ಚೂರಿಯಂತೂ ಮಕ್ಕಳ ಸಭೆಗೆ ಯಾವ ರೀತಿಯಲ್ಲೂ ಸಲ್ಲದು.

ಎರಡನೇ ಆಕ್ಷೇಪ ಹೆಚ್ಚು ಗಂಭೀರವಾದದ್ದು, ಅದು ಕಸೆಯ ಕಡೆಯಿಂದ ಬರುತ್ತದೆ. ಯಕ್ಷಗಾನ ಇಲ್ಲಿ ಬರೀ ಮನರಂಜನೆಯಾಗಿ ಉಳಿದಿಲ್ಲ, ಹರಕೆಯ ಆಟವಾಗಿ ದೇವರ ಸೇವೆಯೂ ಹೌದು. ಚೌಕಿಯಲ್ಲಿ ಗಣಪತಿಗೆ ಪೂಜೆಯಾದ ಮೇಲೇ ಆಟ ಶುರು. ಗೆಜ್ಜೆಯನ್ನೂ ಕಿರೀಟವನ್ನೂ ಕಲಾವಿದರು ಕಣ್ಣಿಗೊತ್ತಿಕೊಂಡು ಕಟ್ಟುತ್ತಾರೆ. ಅಂಥದ್ದನ್ನು ಮೊಲ ತೆಗೆಯುವ ಆಟಕ್ಕೆ ಎಳೆಯುವುದು ಸರಿಯೇ? ಈ ಮಾತನ್ನು ಒಪ್ಪಲೇಬೇಕು, ಆದರೆ ಎಲ್ಲಿಯವರೆಗೆ ಎಂಬುದನ್ನೂ ನೋಡಬೇಕು. ಕೋಟದ ಶಿವರಾಮ ಕಾರಂತರು ಯಕ್ಷಗಾನದ ವೇಷ, ಬಣ್ಣ, ಬಟ್ಟೆಗಳನ್ನು ಎಷ್ಟು ಸೂಕ್ಷ್ಮವಾಗಿ ಅಧ್ಯಯನ ಮಾಡಿದರೆಂಬುದಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಯಕ್ಷಗಾನ ಬಯಲಾಟ’ ಸಾಕ್ಷಿ. ಅಷ್ಟು ಗೌರವ ಇಟ್ಟುಕೊಂಡೇ ಅವರು ಅದನ್ನು ಹೊಸ ಪ್ರಯೋಗಗಳಿಗೂ ಒಡ್ಡಿದರು. ಕಲೆಯ ಬಟ್ಟೆ ಮುಟ್ಟಬಾರದ್ದಲ್ಲ, ಮುಟ್ಟುವ ಕ್ರಮವೊಂದಿದೆ. ಚೌಕಳಿ ಬಟ್ಟೆ, ಉಡುವ ಬಗೆ, ಸೊಂಟಪಟ್ಟಿ ಇವು ಎರವಲು ತರಬಹುದಾದವು. ಕಿರೀಟ, ಗೆಜ್ಜೆ, ಮುಖವರ್ಣಿಕೆ ಬೇಡ. ಪೂರ್ತಿ ವೇಷ ಕಟ್ಟಿದರೆ ಜಾದೂಗಾರ ಕಾಣದೆ ಅರ್ಧಂಬರ್ಧ ಅರ್ಜುನ ಕಾಣುತ್ತಾನೆ, ಇಬ್ಬರಿಗೂ ಅನ್ಯಾಯ. ದೈವದ ಅಣಿ, ಸಿರಿ, ಮುಖವಾಡಗಳ ವಿಚಾರದಲ್ಲಂತೂ ಚರ್ಚೆಗೇ ಎಡೆಯಿಲ್ಲ. ಕೆರಾಡಿಯ ರಿಷಬ್ ಶೆಟ್ಟಿಯವರ ‘ಕಾಂತಾರ’ 2022ರಲ್ಲಿ ಬಂದ ಮೇಲೆ ದೈವದ ವೇಷವನ್ನು ಅಣಕು ವೇದಿಕೆಗಳಲ್ಲಿ ಹಾಕಿದವರ ಬಗ್ಗೆ ಕರಾವಳಿಯಲ್ಲಿ ಎದ್ದ ಸಿಟ್ಟು ಎಲ್ಲರಿಗೂ ಗೊತ್ತಿದೆ, ಆ ಸಿಟ್ಟಿಗೆ ಕಾರಣವೂ ಇತ್ತು.

ಮೂರನೆಯ ಮಾತು: ಇಷ್ಟೆಲ್ಲ ರಗಳೆ ಯಾಕೆ, ಮಿಂಚುವ ಕೋಟು ತೊಟ್ಟರೆ ಸಾಲದೇ? ಸಾಕು, ಉಡುಪು ಜಾದೂಗಾರನ ಗುರುತಾಗಬೇಕೆಂದಿಲ್ಲದಿದ್ದರೆ. ಉಡುಪಿಯ ಪ್ರೊ. ಶಂಕರ್ ಅವರಂಥ ಹಿರಿಯರು ಮಾತಿನಿಂದಲೂ ಕೈಚಳಕದಿಂದಲೂ ಸಭೆ ಗೆದ್ದವರು, ಬಟ್ಟೆ ಅವರಿಗೆ ಆಸರೆಯಾಗಬೇಕಾಗಿ ಬರಲಿಲ್ಲ. ಮಂಗಳೂರಿನ ಕುದ್ರೋಳಿ ಗಣೇಶ್ ತುಳುನಾಡಿನ ಜನಪದವನ್ನು ಜಾದೂವಿನ ಒಳಗೆ ತಂದು ಇನ್ನೊಂದು ದಾರಿ ತೋರಿಸಿದ್ದಾರೆ. ಹೊಸಬರಿಗೆ ಇವರಿಬ್ಬರ ಅನುಭವವೂ ಇರುವುದಿಲ್ಲ, ಮಾತಿನ ಮೇಲೆ ಹಿಡಿತವೂ ಇನ್ನೂ ಬಂದಿರುವುದಿಲ್ಲ. ಅಂಥವರಿಗೆ ಮೊದಲ ನಿಮಿಷದಲ್ಲೇ ಸಭೆಯನ್ನು ತನ್ನ ಕಡೆ ತಿರುಗಿಸಿಕೊಡುವ ಉಡುಪು ದೊಡ್ಡ ಸಹಾಯ. ಅದು ಎಲ್ಲರೂ ತೊಡುವ ಬಾಡಿಗೆ ಕೋಟಾದರೆ ಆ ಸಹಾಯ ಸಿಗದು.

ಕೊಲ್ಲೂರಿಗೇ ಸೇರಿದ ಒಂದೆರಡು ಎಚ್ಚರಿಕೆಗಳಿವೆ. ಮೂಕಾಂಬಿಕಾ ದೇವಸ್ಥಾನದ ಒಳಗೆ ಗಂಡಸರು ಅಂಗಿ ಬನಿಯನ್ ತೆಗೆದು ಹೋಗುವ ಪದ್ಧತಿಯಿದೆ. ರಥೋತ್ಸವಕ್ಕೋ ನವರಾತ್ರಿಗೋ ಊರಿನ ವೇದಿಕೆಯಲ್ಲಿ ಕಾರ್ಯಕ್ರಮ ಒಪ್ಪಿಕೊಂಡವರು ದೇವರ ದರ್ಶನಕ್ಕೆ ಪಂಚೆ ಉಟ್ಟೇ ಹೋಗಿ ಬಂದು ಆಮೇಲೆ ವೇಷ ಹಾಕಿಕೊಳ್ಳಬೇಕು. ಒಳಗಿನ ಸರಸ್ವತಿ ಮಂಟಪ ಸಂಗೀತ–ನೃತ್ಯಗಳ ಸೇವೆಯ ಜಾಗ, ಜಾದೂವಿಗೆ ಅಲ್ಲಿ ಆಸೆ ಪಡುವುದು ಬೇಡ. ಇನ್ನು ಮಳೆ. ಕೊಡಚಾದ್ರಿಯ ಬುಡದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಎರಡು ಪದರದ ಹತ್ತಿ ಬಟ್ಟೆ ಒಂದು ದಿನದಲ್ಲಿ ಒಣಗುವುದಿಲ್ಲ, ಸೀಸದ ಗುಂಡು ಹೊಲಿದ ಅಂಚಂತೂ ಎರಡು ದಿನಕ್ಕೂ ಒದ್ದೆ. ಗಣೇಶೋತ್ಸವದ ಕಾಲಕ್ಕೆ ಸಾಲು ಕಾರ್ಯಕ್ರಮಗಳಿದ್ದರೆ ಎರಡು ಜೊತೆ ಬೇಕು. ಒಗೆಯುವ ಮುಂಚೆ ನೆರಿಗೆಗಳನ್ನು ಉದ್ದನೆಯ ಹೊಲಿಗೆಯಿಂದ ತಾತ್ಕಾಲಿಕವಾಗಿ ಹಿಡಿದಿಡಿ, ಇಸ್ತ್ರಿ ಮಾಡಿದ ಮೇಲೆ ದಾರ ಎಳೆದುಬಿಡಿ. ಇಲ್ಲದಿದ್ದರೆ ಇಪ್ಪತ್ತು ನೆರಿಗೆಗಳನ್ನು ಮತ್ತೆ ಕೂರಿಸುವುದರಲ್ಲಿ ಅರ್ಧ ದಿನ ಹೋಗುತ್ತದೆ. ಪ್ರಯಾಣಕ್ಕೆ ಅದನ್ನು ಮಡಚದೆ ಚಾಪೆಯ ಹಾಗೆ ಸೊಂಟಪಟ್ಟಿಯಿಂದ ಸುರುಳಿ ಸುತ್ತಿ, ಹಳೆಯ ಪಂಚೆಯಲ್ಲಿ ಕಟ್ಟಿ ಒಯ್ಯಿರಿ. ಕಾರ್ಯಕ್ರಮಕ್ಕೆ ಒಂದು ವಾರ ಮೊದಲು ಮನೆಯ ಜಗಲಿಯ ಮೇಲೆ ನಿಂತು, ಅಂಗಳದಲ್ಲಿ ನೆಲದ ಮೇಲೆ ಇಬ್ಬರು ಮೂವರು ಮಕ್ಕಳನ್ನು ಕೂರಿಸಿ ಪೂರ್ತಿ ಆಟ ಒಮ್ಮೆ ಆಡಿ ತೋರಿಸಿ. ಮುಗಿದ ಮೇಲೆ ಏನು ನೆನಪಿದೆ ಎಂದು ಕೇಳಿ. ಆಟದ ಹೆಸರು ಹೇಳಿದರೆ ಹೊಲಿಗೆ ಸರಿಯಾಗಿದೆ. ಬಟ್ಟೆಯ ಹೆಸರು ಹೇಳಿದರೆ ದರ್ಜಿಯ ಅಂಗಡಿಗೆ ಹೋಗಿ ಎಂಟು ಹತ್ತು ನೆರಿಗೆ ಕಡಿಮೆ ಮಾಡಿಸಿಕೊಂಡು ಬನ್ನಿ.